ಗೇಟಪ್ಪನ ಮನೆ ಗೇಟು

ಗೇಟಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಪಿಂಚಣಿ ಕಾಗದದಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಮೂವತ್ತನಾಲ್ಕು ವರ್ಷ ರೈಲ್ವೆ ಗೇಟು ಕಾದವನನ್ನು ಜನ ಇನ್ನೇನೆಂದು ಕರೆದಾರು? ರೈಲು ಬರುವ ಮುಂಚೆ ಗೇಟು ಹಾಕುವುದು, ಹಸಿರು ಬಾವುಟ ಹಿಡಿದು ನೆಟ್ಟಗೆ ನಿಲ್ಲುವುದು, ಕೊನೆಯ ಡಬ್ಬಿಯ ಬೆನ್ನಿಗೆ ತೂಗುವ ಫಲಕವನ್ನು ಕಣ್ಣಾರೆ ನೋಡಿ ರೈಲು ಪೂರ್ತಿ ಹೋಯಿತೆಂದು ರಿಜಿಸ್ಟರಿನಲ್ಲಿ ಬರೆಯುವುದು, ಆಮೇಲೆ ಗೇಟು ತೆಗೆಯುವುದು. ಕೆಲಸ ಇಷ್ಟೇ. ಆದರೆ ಇಷ್ಟರಲ್ಲೇ ಎಂತೆಂಥವರು ಅವನ ಮುಂದೆ ಕಾಯುತ್ತ ನಿಂತಿದ್ದರು! ಬ್ಯಾಂಕ್ ಮ್ಯಾನೇಜರು ನಿಂತಿದ್ದರು, ಒಬ್ಬ ಮದುಮಗ ನಿಂತಿದ್ದ, ಒಮ್ಮೆ ಒಬ್ಬ ಮಂತ್ರಿಯೂ ನಿಂತಿದ್ದರು. "ರೈಲು ಎಲ್ಲೂ ಕಾಣ್ತಾ ಇಲ್ವಲ್ಲಪ್ಪ, ಸ್ವಲ್ಪ ಎತ್ತು" ಎಂದವರಿಗೆಲ್ಲ ಗೇಟಪ್ಪನದು ಒಂದೇ ಉತ್ತರ: "ನಿಮಗೆ ಕಾಣೋ ಹೊತ್ತಿಗೆ ತಡ ಆಗಿರುತ್ತೆ, ಸ್ವಾಮಿ."

ಇಂಥ ಮನುಷ್ಯ ನಿವೃತ್ತನಾಗಿ ಕೊಂಡ ಮನೆಯ ಎದುರಿಗೇ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕು ಇರಬೇಕೇ!

ಹಲ್ಲು ನೋವಿನವರಿಗೆ ಜಗತ್ತಿನಲ್ಲಿ ಹಲ್ಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಕಾರು ತಂದು ನೇರವಾಗಿ ಗೇಟಪ್ಪನ ಗೇಟಿಗೆ ಅಡ್ಡ ನಿಲ್ಲಿಸಿ, ಕೆನ್ನೆ ಹಿಡಿದುಕೊಂಡು, "ಎರಡೇ ನಿಮಿಷ" ಎಂದು ಒಳಗೆ ಓಡುತ್ತಿದ್ದರು. ಒಂದು ಗಂಟೆ ಬಿಟ್ಟು ಹೊರಗೆ ಬಂದಾಗ ಬಾಯಿ ತುಂಬ ಹತ್ತಿ ಇರುತ್ತಿತ್ತು. ಗೇಟಪ್ಪ ಗಂಟಲು ಹರಿಯುವಂತೆ ಕೂಗಾಡಿದರೆ ಅವರು "ಹ್ಞ, ಹ್ಞ" ಎಂದು ತಲೆಯಾಡಿಸಿ ಹೊರಟುಬಿಡುತ್ತಿದ್ದರು. ಎದುರಾಳಿಗೆ ಬಾಯಿ ತಿರುಗದಿದ್ದರೆ ಜಗಳ ಆಡಿದ ತೃಪ್ತಿ ಎಲ್ಲಿಂದ ಬರಬೇಕು? ಪಾಪ, ಗೇಟಪ್ಪನಿಗೆ ಒಂದೇ ಒಂದು ಜಗಳವೂ ನೆಟ್ಟಗೆ ದಕ್ಕಲಿಲ್ಲ.

ನೋವಿಲ್ಲದೆ ಹಲ್ಲು ತೊಳೆಸಲು ಬಂದವನೊಬ್ಬ ಮಾತ್ರ ಒಮ್ಮೆ ನಿಂತು ಕೇಳಿದ್ದ.

"ನಿಮ್ಮ ಹತ್ರ ಕಾರಿದೆಯಾ?"

"ಇಲ್ಲ."

"ಮತ್ತೆ?"

"ಮತ್ತೆ ಏನು? ಗೇಟು ಇದೆಯಲ್ಲ!"

ಆತ ಒಳಗೆ ಹೋದ, ಕಾರು ಅಲ್ಲೇ ಉಳಿಯಿತು. ಗೇಟಪ್ಪ ಒಂದು ಫಲಕ ಬರೆಸಿ ತೂಗುಹಾಕಿದ. ಅದಕ್ಕೆ ಯಾರೋ ಸೈಕಲ್ಲು ಒರಗಿಸಿದರು. ಸುಣ್ಣದಲ್ಲಿ ಗೆರೆ ಎಳೆದ. ಗೆರೆ ಇದೆಯಲ್ಲ ಎಂದು ಅದರ ಒಳಗೇ ಅಚ್ಚುಕಟ್ಟಾಗಿ ಕಾರು ನಿಲ್ಲಿಸತೊಡಗಿದರು. ಕೊನೆಗೆ ತನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಮರಳಿದ. ದಪ್ಪ ರಟ್ಟಿನ ರಿಜಿಸ್ಟರು ತಂದು ನಾಲ್ಕು ಕಲಮು ಎಳೆದ: ವಾಹನದ ನಂಬರು, ನಿಂತ ಹೊತ್ತು, ಹೋದ ಹೊತ್ತು, ಕೊಟ್ಟ ಕಾರಣ. ಕಾರಣದ ಕಲಮಿನಲ್ಲಿ "ಎರಡೇ ನಿಮಿಷ" ಎಂಬುದು ಪುಟಗಟ್ಟಲೆ ಇತ್ತು. ನಡುನಡುವೆ "ಗೇಟು ಕಾಣಲಿಲ್ಲವಂತೆ", "ನಿನಗೇನು ಎಂದರು", "ಹೇಳಲಾಗಲಿಲ್ಲ, ಬಾಯಲ್ಲಿ ಹತ್ತಿ" ಎಂದೂ ಇತ್ತು. ಈ ರಿಜಿಸ್ಟರನ್ನು ಯಾರಿಗೆ ತೋರಿಸಬೇಕೆಂದು ಗೇಟಪ್ಪನಿಗೂ ಗೊತ್ತಿರಲಿಲ್ಲ. ಬರೆದರೆ ಹೊಟ್ಟೆ ತಣ್ಣಗಾಗುತ್ತಿತ್ತು, ಅಷ್ಟೇ.

ಹೆಂಡತಿಗೆ ಇದನ್ನೆಲ್ಲ ನೋಡಿ ನಗು ಬರುತ್ತಿತ್ತು. ಆಕೆಯನ್ನು ಬೀದಿಯವರು ಗೇಟಮ್ಮ ಎನ್ನುತ್ತಿದ್ದರು. ಆ ಹೆಸರು ಆಕೆಗೆ ಒಂಚೂರೂ ಹಿಡಿಸುತ್ತಿರಲಿಲ್ಲ. ಗೇಟು ಕಾದವನು ಗಂಡ, ತಾನಲ್ಲ. ತಾನು ಕಾದದ್ದು ಗಂಡನನ್ನು. ಗೇಟಿನ ಪಕ್ಕದ ಒಂದೂವರೆ ಕೋಣೆಯ ಮನೆಯಲ್ಲಿ ಊಟ, ಸ್ನಾನ, ಮಾತು, ಕೊನೆಗೆ ಮುನಿಸು ಕೂಡ ರೈಲಿನ ವೇಳಾಪಟ್ಟಿಯಂತೆಯೇ ನಡೆದಿತ್ತು. "ಹನ್ನೆರಡೂ ನಲವತ್ತರ ಗಾಡಿ ಹೋಗ್ಲಿ, ಆಮೇಲೆ ಹೇಳು" ಎಂದು ಆತ ತಡೆದ ಮಾತುಗಳಲ್ಲಿ ಎಷ್ಟನ್ನೋ ಆಕೆ ಆಮೇಲೂ ಹೇಳಿರಲಿಲ್ಲ. ನದಿಯ ಆಚೆ ಅಕ್ಕನ ಮನೆಯಿತ್ತು. ಮೂರು ಬಸ್ಸು ಬದಲಾಯಿಸಿ ಹೋಗಬೇಕು. ಅಕ್ಕನಿಗೆ ಮಂಡಿ ಹಿಡಿದುಕೊಂಡ ಮೇಲೆ ಆಕೆ ಈ ಕಡೆ ಬರುವುದೂ ನಿಂತಿತ್ತು.

ಆಗಲೇ ಗೇಟಮ್ಮನ ತಮ್ಮ ಕಾರು ನಿಲ್ಲಿಸಲು ಜಾಗವಿಲ್ಲದ ನಾಲ್ಕನೇ ಮಹಡಿಯ ಮನೆಗೆ ಹೋದದ್ದು. ತನ್ನ ಹಳೆಯ ಪುಟ್ಟ ಕಾರನ್ನು ತಂದು ಗೇಟಮ್ಮನ ಅಂಗಳದಲ್ಲಿ ಬಿಟ್ಟ. ಐವತ್ತೇಳನೆಯ ವಯಸ್ಸಿನಲ್ಲಿ ಗೇಟಮ್ಮ ಅದರೊಳಗೆ ಕೂತಳು, ಕಿವಿ ಹಿಂಡಿದ ಹಾಗೆ ಗೇರು ತಿರುಚಿದಳು, ಮೂರು ತಿಂಗಳಲ್ಲಿ ಕಲಿತೇಬಿಟ್ಟಳು. "ಲೈಸೆನ್ಸ್ ಸಿಕ್ಕಿದ ದಿನಾನೇ ಬರ್ತೀನಿ ಕಣಕ್ಕ" ಎಂದು ಫೋನಿನಲ್ಲಿ ಮಾತು ಕೊಟ್ಟಳು.

ಮೊದಲನೇ ಟೆಸ್ಟಿನಲ್ಲಿ ರಿವರ್ಸು ಬರುವಾಗ ಒಂದು ಡ್ರಮ್ಮು ಉರುಳಿಸಿದಳು. ಎರಡನೇ ಟೆಸ್ಟಿಗೆ ಹೋಗಲೇ ಇಲ್ಲ. ಗೇಟಿನ ಮುಂದೆ ಒಂದು ಕಾರು ಅಡ್ಡ ನಿಂತಿತ್ತು. ಗೇಟಪ್ಪ ಕ್ಲಿನಿಕ್ಕಿಗೆ ಓಡಿ ಕಾರಿನವನನ್ನು ಎಳೆದು ತರುವ ಬದಲು ಕನ್ನಡಕ ಹುಡುಕಿ, ರಿಜಿಸ್ಟರು ತಂದು, ನಂಬರು ಬರೆದು, ಇಸವಿ ತಪ್ಪಾಯಿತೆಂದು ಹೊಡೆದು ಮತ್ತೆ ಬರೆಯುತ್ತಿದ್ದ. ಅಷ್ಟರಲ್ಲಿ ಹೊತ್ತು ಮೀರಿತ್ತು. ಗೇಟಮ್ಮ ಬೈಯಲಿಲ್ಲ. ಮೂರು ದಿನ ಮಾತೇ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಗೇಟಪ್ಪನಿಗೆ ಅನ್ನಿಸಿತು.

ಮೂರನೇ ಟೆಸ್ಟು ಬುಧವಾರ ಹತ್ತೂವರೆಗೆ. ಅದೂ ತಪ್ಪಿದರೆ ಕಲಿಯುವವರ ಲೈಸೆನ್ಸಿನ ಅವಧಿ ಮುಗಿದು, ಎಲ್ಲ ಮೊದಲಿನಿಂದ. ಗೇಟಮ್ಮ ಆಗಲೇ ಹೇಳಿಬಿಟ್ಟಿದ್ದಳು: "ಈ ಸಲ ತಪ್ಪಿದ್ರೆ ಕಾರು ವಾಪಸ್ ಕೊಟ್ಬಿಡ್ತೀನಿ. ನನ್ನ ಕೈಲಿ ಇನ್ನು ಆಗಲ್ಲ."

ಒಂಬತ್ತೂವರೆಗೆ ಗೇಟಿನ ಮುಂದೆ ದಾರಿ ಖಾಲಿ ಇರಬೇಕು. ಅದು ಗೇಟಪ್ಪನ ಜವಾಬ್ದಾರಿ. ಹಳೆಯ ಖಾಕಿ ಅಂಗಿ ಇಸ್ತ್ರಿಯಾಯಿತು. ಬಾವುಟಗಳು, ವಿಷಲ್ಲು ಪೆಟ್ಟಿಗೆಯಿಂದ ಹೊರಬಂದವು. ಡಾಕ್ಟರಮ್ಮನಿಗೆ ಲಿಖಿತ ನೋಟೀಸು ಹೋಯಿತು. ಅವರು ಓದಿ, "ನನ್ನ ಪೇಷೆಂಟ್‌ಗಳಿಗೆಲ್ಲ ಹತ್ತು ಗಂಟೆ ಮೇಲೆ ಬನ್ನಿ ಅಂತ ಹೇಳ್ತೀನಿ ಬಿಡಿ. ಆದ್ರೆ ಹಲ್ಲು ನೋವು ಹೇಳಿ ಕೇಳಿ ಬರಲ್ಲ" ಎಂದರು.

ಬುಧವಾರ ಬೆಳಗ್ಗೆ ಏಳಕ್ಕೇ ಗೇಟಪ್ಪ ಗೇಟಿನಲ್ಲಿ ಹಾಜರು. ಬ್ರೆಡ್ಡಿನ ವ್ಯಾನನ್ನು ಓಡಿಸಿದ. ಪೇಪರಿನವನನ್ನು ಗದರಿಸಿದ. ನಿಲ್ಲಿಸುವ ಯೋಚನೆಯೇ ಇರದ ಒಬ್ಬ ಪಾದಚಾರಿಯನ್ನೂ ಬಿಡದೆ ಅಟ್ಟಿದ. ಒಂಬತ್ತೂ ಇಪ್ಪತ್ತೈದಕ್ಕೆ ಗೇಟಿನ ಎರಡೂ ಬಾಗಿಲು ತೆರೆದ. ಒಂಬತ್ತೂವರೆಗೆ ಬೀದಿಯ ನಡುವೆ ನಿಂತು ಕೆಂಪು ಬಾವುಟ ಬಿಚ್ಚಿದ. ಎಡಕ್ಕೆ ನೀರಿನ ಟ್ಯಾಂಕರು ನಿಂತಿತು, ಬಲಕ್ಕೆ ಶಾಲೆಯ ವ್ಯಾನು ನಿಂತಿತು, ಅವುಗಳ ಹಿಂದೆ ಸಾಲು ಬೆಳೆಯಿತು. ಅಂಗಳದಲ್ಲಿ ಕಾರು ಸ್ಟಾರ್ಟ್ ಆಯಿತು. ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಗೇಟಮ್ಮನ ತಮ್ಮ ಕೂತಿದ್ದ. ಗೇಟಮ್ಮ ಮೆಲ್ಲಗೆ ಗೇಟಿನ ತನಕ ಬಂದಳು.

ಆ ಗಳಿಗೆಯಲ್ಲಿ ಟ್ಯಾಂಕರಿನವನು ತಾಳ್ಮೆಗೆಟ್ಟು ಹಾರ್ನ್ ಒತ್ತಿದ. ಅದು ಸಾಮಾನ್ಯ ಹಾರ್ನಲ್ಲ. ಉದ್ದಕ್ಕೆ, ದಪ್ಪಗೆ, ಥೇಟ್ ರೈಲು ಇಂಜಿನ್ನಿನ ಕೂಗು.

ಗೇಟಪ್ಪನ ತಲೆಗೆ ಏನೂ ಗೊತ್ತಾಗಲಿಲ್ಲ. ಕೈಕಾಲಿಗೆ ಎಲ್ಲ ಗೊತ್ತಾಗಿಹೋಯಿತು. ವಿಷಲ್ ಊದುತ್ತ ಓಡಿಬಂದು, ಹೆಂಡತಿಯ ಕಾರಿನ ಮೂತಿಗೆ ಒಂದು ಗೇಣು ಇರುವಾಗ ಗೇಟಿನ ಎರಡೂ ಬಾಗಿಲು ದಢಾರನೆ ಮುಚ್ಚಿ, ಚಿಲಕ ಹಾಕಿ, ತಿರುಗಿ ಎದೆ ಸೆಟೆಸಿ ನಿಂತು, ಟ್ಯಾಂಕರಿಗೆ ಹಸಿರು ಬಾವುಟ ತೋರಿಸಿದ!

ಟ್ಯಾಂಕರು ಹೋಯಿತು. ವ್ಯಾನು ಹೋಯಿತು. ಹಿಂದಿನ ಹದಿನಾಲ್ಕು ಗಾಡಿಗಳೂ ಹೋದವು. ಒಂದೊಂದರ ಬೆನ್ನನ್ನೂ ಗೇಟಪ್ಪ ಶ್ರದ್ಧೆಯಿಂದ ನೋಡಿದ. ಕೊನೆಯದು ಹೋಗುತ್ತಲೇ ಒಂದು ನೀಲಿ ಕಾರು ಸುಯ್ಯೆಂದು ಬಂದು, ಆಹಾ ಎಂಥಾ ಜಾಗ ಎಂಬಂತೆ, ಗೇಟಿಗೆ ಅಡ್ಡ ನಿಂತಿತು. ಕಿಟಕಿಯಲ್ಲಿ ಊದಿದ ಕೆನ್ನೆಯೊಂದು ಕಾಣಿಸಿತು.

ಗೇಟಮ್ಮ ಕಾರಿನಿಂದ ಇಳಿದು ಗೇಟಿನ ಸರಳು ಹಿಡಿದು ನಿಂತಳು.

"ಏನ್ರೀ, ನಾನು ಯಾರು?"

"ಅದೇನೇ ಹಾಗಂದ್ರೆ?" ಎಂದ ಗೇಟಪ್ಪ. ಆಗಷ್ಟೇ ಅವನಿಗೆ ಪ್ರಜ್ಞೆ ಬರುತ್ತಿತ್ತು.

"ಹೇಳ್ತೀನಿ ಕೇಳಿ. ನಿಮ್ಮ ಗೇಟಿನ ಹಿಂದೆ ಮೂವತ್ತನಾಲ್ಕು ವರ್ಷ ನಿಂತಿರೋ ಲಾರಿ ನಾನು. ಯಾವತ್ತಾದ್ರೂ ಹಾರ್ನ್ ಹೊಡೆದಿದೀನಾ? ಇವತ್ತೊಂದು ದಿನ ನನ್ನ ರೈಲು ಅಂದ್ಕೊಳ್ರೀ. ನಿಮ್ಮ ಕಾಲಿಗೆ ಬೀಳ್ತೀನಿ."

ಎಷ್ಟು ಗಾಡಿಗಳನ್ನು ಎಷ್ಟು ಹೊತ್ತು ನಿಲ್ಲಿಸಿದ್ದೆನೆಂದು ಗೇಟಪ್ಪನ ಹಳೆಯ ರಿಜಿಸ್ಟರುಗಳಲ್ಲೆಲ್ಲ ಇತ್ತು. ಇವಳದು ಒಂದು ಸಾಲೂ ಇರಲಿಲ್ಲ. ಅವನಿಗೆ ನಾಚಿಕೆಯಾಯಿತು, ಕಣ್ಣು ಮಂಜಾಯಿತು. ಆಮೇಲೆ ರೈಲು ಎಂಬ ಮಾತು ಕಿವಿಯಿಂದ ಕಾಲಿಗೆ ಇಳಿಯಿತು.

ನೀಲಿ ಕಾರಿನವನು ಆಗಲೇ ಒಂದು ಕಾಲು ಕೆಳಗಿಟ್ಟಿದ್ದ. "ಎರಡೇ ನಿಮಿ..."

"ಸ್ವಾಮೀ, ರೈಲು ಬರ್ತಾ ಇದೆ! ಗಾಡಿ ತೆಗೀರಿ!"

ಆ ದನಿಯೇ ಹಾಗಿತ್ತು. ಈ ಬೀದಿಯಲ್ಲಿ ಹಳಿ ಎಲ್ಲಿದೆ ಎಂದು ಕೇಳಲು ಆತನಿಗೆ ತೋಚಲಿಲ್ಲ. ಎಡಬಲ ನೋಡಿ, ಕಾಲು ಒಳಗೆಳೆದುಕೊಂಡು, ಬೀದಿಯ ತುದಿಯ ತನಕ ರಿವರ್ಸಿನಲ್ಲೇ ಹೋದ.

ಗೇಟಪ್ಪ ಅಂಗಳಕ್ಕೆ ಓಡಿ ಬಟ್ಟೆ ಒಣಹಾಕುವ ಹಗ್ಗವನ್ನು ಕಿತ್ತು ತಂದ. ಎರಡು ಬನಿಯನ್ನು, ಒಂದು ದಿಂಬಿನ ಚೀಲ ಅದರಲ್ಲೇ ನೇತಾಡುತ್ತಿದ್ದವು. ಒಂದು ತುದಿಯನ್ನು ಗೇಟಿನ ಎಡಗಡೆಯ ಕಂಬಕ್ಕೂ ಇನ್ನೊಂದನ್ನು ಎದುರಿನ ಕ್ಲಿನಿಕ್ಕಿನ ಕಬ್ಬಿಣದ ಕಟಾಂಜನಕ್ಕೂ ಕಟ್ಟಿದ. ಎಡಗಡೆ ಬಂದ್. ಬಲಗಡೆ ತಾನೇ ಕೆಂಪು ಬಾವುಟ ಹಿಡಿದು ನಿಂತ. ಹಾರ್ನುಗಳು ಶುರುವಾದವು. ಯಾರೋ ಅವನ ತಲೆ ಸರಿಯಿದೆಯೇ ಎಂದು ವಿಚಾರಿಸಿದರು. ಡಾಕ್ಟರಮ್ಮ ಕೈಗವಸಿನಲ್ಲೇ ಹೊರಬಂದು ನೋಡಿದರು. ಗೇಟಪ್ಪ ಯಾವುದಕ್ಕೂ ಕ್ಯಾರೇ ಎನ್ನಲಿಲ್ಲ. ತಮ್ಮನಿಂದ ಗೇಟು ತೆಗೆಸಿದ. ತಮ್ಮ ಮರಳಿ ಕೂತದ್ದೇ ಗೇಟಪ್ಪ ಎಡಗೈಯಲ್ಲಿ ಹಸಿರು ಬಾವುಟ ಬಿಚ್ಚಿ ಹಿಡಿದ.

ಪುಟ್ಟ ಕಾರು ಗುರುಗುಟ್ಟುತ್ತ ಬೀದಿಗೆ ಇಳಿಯಿತು. ಒಮ್ಮೆ ಮುಗ್ಗರಿಸಿತು, ಸಾವರಿಸಿಕೊಂಡಿತು, ಬಲಕ್ಕೆ ತಿರುಗಿತು, ಹೋಯಿತು. ಅದರ ಬೆನ್ನಿಗೆ ಅಂಟಿಸಿದ್ದ ಕಲಿಯುವವರ ಕೆಂಪು ಫಲಕ ಮೂಲೆಯಲ್ಲಿ ಮರೆಯಾಗುವ ತನಕ ಗೇಟಪ್ಪ ಬಾವುಟ ಇಳಿಸಲಿಲ್ಲ. ಆಮೇಲೆ ಹಗ್ಗ ಬಿಚ್ಚಿ, ಬನಿಯನ್ನು ಹೆಗಲಿಗೆ ಹಾಕಿಕೊಂಡು, ಒಳಗೆ ಹೋಗಿ ಬರೆದ: ಒಂಬತ್ತೂ ನಲವತ್ತೆಂಟು. ಪೂರ್ತಿ ಹೋಯಿತು.

ಅವತ್ತು ಗೇಟು ಮುಚ್ಚಿ ಜಗಲಿಯಲ್ಲಿ ಕೂತು ಅವನು ಕಾದ. ಕಾಯುವುದು ಇಷ್ಟು ಕಷ್ಟವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹತ್ತೂವರೆ ಆಯಿತು, ಹನ್ನೊಂದೂವರೆ ಆಯಿತು. ಮಾಡಿಟ್ಟ ಊಟ ಆರಿತು. ಹನ್ನೆರಡೂ ನಲವತ್ತಕ್ಕೆ ಎದ್ದು ನಿಂತ, ಮತ್ತೆ ಕೂತ.

ಒಂದೂ ಹತ್ತಕ್ಕೆ ಒಂದು ಕಾರು ಬಂದು ಗೇಟಿಗೆ ಸರಿಯಾಗಿ ಅಡ್ಡ ನಿಂತಿತು. ಗೇಟಪ್ಪ ಅಭ್ಯಾಸಬಲದಿಂದ ರಿಜಿಸ್ಟರು ಎತ್ತಿಕೊಂಡು ಹಾರಿ ಬಂದ. ಕಾರಿನ ಬೆನ್ನಲ್ಲಿ ಕೆಂಪು ಫಲಕ ಇರಲಿಲ್ಲ. ತಮ್ಮನೂ ಇರಲಿಲ್ಲ; ಅವನನ್ನು ಅವನ ಮನೆಗೆ ಬಿಟ್ಟೇ ಬಂದಿದ್ದಳು.

"ಇದೇನೇ, ಗೇಟಿಗೆ ಅಡ್ಡ ನಿಲ್ಸಿದೀಯ! ಒಳಗೆ ತರ್ಬಾರ್ದಾ?"

"ಎರಡೇ ನಿಮಿಷ ಕಣ್ರೀ" ಎಂದಳು ಗೇಟಮ್ಮ, ಇಂಜಿನ್ ಆರಿಸದೆ. "ಅಕ್ಕನ ಮನೆಗೆ ಹೊರಟಿದೀನಿ. ಒಬ್ಬಳೇ ಹೋಗಬಲ್ಲೆ. ಆದ್ರೂ ಕೇಳೋಣ ಅಂತ ಬಂದೆ. ಚಪ್ಪಲಿ ಹಾಕ್ಕೊಂಡು ಬನ್ನಿ, ಕಾಯ್ತೀನಿ."

ಗೇಟಪ್ಪ ಕಿಸೆಯಿಂದ ಪೆನ್ನು ತೆಗೆದು ನಂಬರು ಬರೆದ. ನಿಂತ ಹೊತ್ತು ಬರೆದ. ಕಾರಣದ ಕಲಮಿನಲ್ಲಿ ಪೆನ್ನು ಸ್ವಲ್ಪ ನಿಂತಿತು. ಆಮೇಲೆ "ನನ್ನನ್ನು ಕರೆಯಲು" ಎಂದು ದುಂಡಗೆ ಬರೆದು, ಬೀದಿ ದಾಟಿ, ರಿಜಿಸ್ಟರನ್ನು ಡಾಕ್ಟರಮ್ಮನ ಕೈಗೆ ಕೊಟ್ಟ.

"ಹೋದ ಹೊತ್ತು ನೀವೇ ಬರೆದ್ಬಿಡಿ ಡಾಕ್ಟರೇ. ನಾನು ಗಾಡಿಯೊಳಗೆ ಇರ್ತೀನಿ."