ಬೋರ್ಡಿಗೂ ಬಿತ್ತು ಅರಗಿನ ಪಾಲಿಶು

ಗೆಳೆಯರೇ, ಚನ್ನಪಟ್ಟಣದ ಅಕ್ಕನ ಮನೆಯಲ್ಲಿ ಇವತ್ತು ಗುಜರಿಯವನು ತಕ್ಕಡಿ ಹಿಡಿದು ನಿಂತಿದ್ದ. ಬೊಂಬೆ ಕಡೆಯುವ ನಮ್ಮ ಭಾವ ಪ್ರಾಣದಂತೆ ಸಾಕಿಕೊಂಡಿರುವ, ಕಾಸು ಹಾಕಿ ಆಡುವ ಹಳೇ ವಿಡಿಯೋ ಗೇಮ್ ಪೆಟ್ಟಿಗೆ ಕೆಟ್ಟು ಕೂತಿತ್ತು.

"ಇವತ್ತು ಆನ್ ಆದ್ರೆ ಮನೇಲಿರ್ತದೆ, ಇಲ್ದಿದ್ರೆ ಗುಜರಿಗೋಯ್ತದೆ" ಎಂದಳು ಅಕ್ಕ.

ಟಿವಿ ರಿಪೇರಿಯವನಾದ ನಾನು ಹಿಂದಿನ ಮುಚ್ಚಳ ತೆಗೆದೆ. ವೋಲ್ಟೇಜ್ ಸರಿಯಾಗಿತ್ತು. ಒಳಗಿನ ಸರ್ಕ್ಯೂಟ್ ಬೋರ್ಡು ಮಾತ್ರ ಮದುಮಗಳಂತೆ ಮಿನುಗುತ್ತಿತ್ತು.

"ಭಾವ, ಇದಕ್ಕೇನು ಬಳಿದಿರಿ?"

"ಒಸಿ ಅರಗು ಕಣೋ. ಮಂಕಾಗಿತ್ತು. ಸ್ಪಿರಿಟ್ಟಲ್ಲಿ ಕರಗ್ಸಿ ಬಳ್ದು, ಬೊಂಬೆಗೆ ಉಜ್ಜೋ ಹಂಗೇ ತಾಳೆಗರೀಲಿ ಉಜ್ಜಿದೆ. ಮುಖ ಕಾಣ್ತದೆ ನೋಡು!"

ಮುಖ ಕಾಣುತ್ತಿತ್ತು, ನಿಜ. ಆದರೆ ಕನೆಕ್ಟರ್‌ಗೆ ಸಿಕ್ಕಿಸುವ ಅಂಚಿನ ತಾಮ್ರದ ಪಟ್ಟಿಗಳ ಮೇಲೂ ಅರಗು ಕೂತು, ಕರೆಂಟಿಗೆ ದಾರಿಯೇ ಇರಲಿಲ್ಲ. ಬೋರ್ಡಿಗೆ ಬಂದಿತ್ತು ಮೆರುಗು, ಗೇಮಿಗೆ ಹಿಡಿದಿತ್ತು ಕೊರಗು. ಸ್ಪಿರಿಟ್ಟಿನಲ್ಲಿ ಒರೆಸಿ, ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಸಿಕ್ಕಿಸಿದೆ. ಪರದೆಯ ಮೇಲೆ ರಾಕೆಟ್ಟು ಹಾರಿತು.

ಗುಜರಿಯವನು ತಕ್ಕಡಿ ಕೆಳಗಿಟ್ಟು, "ನಾನೂ ಒಂದಾಟ ಆಡ್ಲಾ ಅಕ್ಕಾ?" ಎಂದ.

"ಆಡ್ಕೋ ಹೋಗು. ಇರ್ಲಿ ಬುಡು ಮನೇಲೇ" ಎಂದು ಅಕ್ಕ ಸೋತಳು.

ಭಾವ ಮಾತ್ರ ನಾನು ಒರೆಸಿದ ಬಟ್ಟೆಯನ್ನೇ ನೋಡುತ್ತಿದ್ದರು. "ಪಾಲಿಶೆಲ್ಲ ತೆಗ್ದ್ಬುಟ್ಟಲ್ಲೋ! ಒಳ್ಳೇ ಮಾಲು ಕೆಡ್ಸಾಕ್ಬುಟ್ಟೆ."

ಬಿಡದಿ ಕಡೆ ನೋಡಿದಲ್ಲೆಲ್ಲ ಹೊಸ ಫ್ಯಾಕ್ಟರಿಗಳು ಏಳುತ್ತಿವೆ. ಯಾರಾದರೂ ಇವರನ್ನು ಕ್ವಾಲಿಟಿ ಇನ್‌ಸ್ಪೆಕ್ಟರ್ ಮಾಡಿಕೊಳ್ಳಿ. ಮಾಲು ನಡೆಯದಿದ್ದರೂ ಮಿಂಚುವುದು ಗ್ಯಾರಂಟಿ.