ಕುದಿಸಿದ ಕತ್ತರಿ

ಯರಗುಪ್ಪಿಯ ಮನೆಮನೆಗೆ ಬಂದು ಹೆರಿಗೆ ಮಾಡಿಸುತ್ತಿದ್ದ ನರ್ಸಬಾಯಿ ಮೊದಲು ಕತ್ತರಿ, ದಾರ, ಲೋಳೆ ಹೀರುವ ರಬ್ಬರ್ ನಳಿಕೆ ಎಲ್ಲವನ್ನೂ ಕುದಿಸಿ, ತಾಟಿನಲ್ಲಿ ಮುಚ್ಚಿ, ಬಲಗೈಗೆ ಎಟಕುವಂತೆ ಇಟ್ಟುಕೊಳ್ಳುತ್ತಿದ್ದರು. “ಹುಡುಕೂದ್ರಾಗ ಜೀವ ಹೋಗತೈತ್ರಿ,” ಎನ್ನುತ್ತಿದ್ದರು.

ನನ್ನ ಚೊಚ್ಚಲ ಹೆರಿಗೆ. ನೋವು ಏರುತ್ತಿದ್ದಾಗ ಅತ್ತೆ ಆ ಕತ್ತರಿ ಎತ್ತಿ ಸೆರಗಿನಿಂದ ಒರೆಸಿಬಿಟ್ಟರು. ನರ್ಸಬಾಯಿ ಅದನ್ನು ಕಸಿದು ಮತ್ತೆ ಕುದಿಯುವ ನೀರಿಗೆ ಹಾಕಿದರು.

“ಕೂಸು ಬರಾಕತ್ತೈತಿ, ಈಗ ಕುದಸ್ತೀರೇನ್ರಿ!” ಅತ್ತೆ ಚೀರಿದರು.

“ಹೊಲಸು ಕತ್ತರಿಲೆ ಹೊಕ್ಕಳ ಕೊಯ್ದ್ರ ವಾರದಾಗ ಕೂಸು ಸೆಟದು ಸಾಯತೈತ್ರಿ.”

ಮಗಳು ಹುಟ್ಟಿದಳು, ಅಳಲಿಲ್ಲ. ಮೈ ನೀಲಿಗಟ್ಟಿತ್ತು. ನರ್ಸಬಾಯಿ ಕೂಸಿನಿಂದ ಕಣ್ಣು ತೆಗೆಯದೆ ಕೈ ಚಾಚಿ ನಳಿಕೆ ತೆಗೆದುಕೊಂಡು, ಗಂಟಲಿನ ಲೋಳೆ ಹೀರಿದರು. ಎರಡನೆಯ ಸಲಕ್ಕೆ ಕೂಸು ಅತ್ತಿತು.

ಹೊಕ್ಕಳು ಕೊಯ್ಯಲು ನರ್ಸಬಾಯಿ ಕತ್ತರಿ ಕೇಳುವ ಮೊದಲೇ ಅತ್ತೆ ಒಲೆಯತ್ತ ಓಡಿ, ಅದನ್ನು ಮುಟ್ಟದೆ, ಕುದಿಯುವ ಪಾತ್ರೆಯನ್ನೇ ಎತ್ತಿ ತಂದರು.