ಕರಿಗಂಬಳಿಯ ಕೊನೆಯ ಕಂತು

ಯತೀಶ ಬೆಳಿಗ್ಗೆಯಿಂದ ಮೂರು ಸಲ ಅಂಗಡಿಯ ಶಟರ್ ಅರ್ಧ ಇಳಿಸಿ ಮತ್ತೆ ಎತ್ತಿದ್ದ. ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ಆ ಅಂಗಡಿಯಲ್ಲಿ ಅವನು ಹದಿನಾರು ವರ್ಷದಿಂದ ಬೋರ್ಡು ಬರೆಯುತ್ತಿದ್ದ. ಫ್ಲೆಕ್ಸ್ ಬಂದ ಮೇಲೆ ಅಕ್ಷರ ಬರೆಸುವವರು ಕಡಿಮೆಯಾದರು. ಕೈ ಸುಮ್ಮನಿರಲಾರದೆ ಮಕ್ಕಳ ಮಾಸಪತ್ರಿಕೆಯೊಂದಕ್ಕೆ ಚಿತ್ರಕಥೆ ಬರೆಯತೊಡಗಿದ. ಜಾದೂಗಾರ ಚಿಟಿಕೆರಾಯನಿಗೂ ಮಾಟಗಾರ ಕರಿಗಂಬಳಿಗೂ ಆರು ವರ್ಷದಿಂದ ಯುದ್ಧ ನಡೆದಿತ್ತು. ಚಿಟಿಕೆರಾಯನ ಬಲ ಅವನ ಬೆಳ್ಳಿಯ ಬೂಟಿನಲ್ಲಿ. ಮಾಟಗಾರನ ಬಲ ಹೆಗಲ ಮೇಲಿನ ಕಂಬಳಿಯಲ್ಲಿ.

ಮಾಟಗಾರನ ಮುಖ ಮಾತ್ರ ಯತೀಶನ ಅಪ್ಪ ಕರಿಯಣ್ಣನದು. ಮೊದಲ ಕಂತಿನ ಅವಸರದಲ್ಲಿ, ನೋಡದೆ ಬರೆಯಲು ಬರುತ್ತಿದ್ದ ಒಂದೇ ಮುಖ ಅದಾಗಿತ್ತು. ಕಂಬಳಿಯೂ ಹಾಗೆಯೇ ಬಂತು. ಹಬ್ಬದ ದಿನ ಮನೆಯಲ್ಲಿ ದೇವರನ್ನು ಕೂರಿಸುತ್ತಿದ್ದುದು ಕಂಬಳಿಯ ಮೇಲೆ. ಶಕ್ತಿ ಎಂದರೆ ಅವನ ಕಣ್ಣೆದುರು ಬರುತ್ತಿದ್ದುದೂ ಅದೇ. ಉಡುತಡಿಯಲ್ಲಿ ಕುರಿ ಕಾಯುವ ಅಪ್ಪನಿಗೆ ಓದು ಬಾರದು. ಮಗ ಪುಸ್ತಕದಲ್ಲಿ ಬರೆಯುತ್ತಾನೆಂದು ಊರಿಗೆಲ್ಲ ಹೇಳಿಕೊಂಡಿದ್ದ. ಆ ಪುಸ್ತಕವನ್ನು ಯತೀಶ ಒಂದು ಸಲವೂ ಊರಿಗೆ ಒಯ್ದಿರಲಿಲ್ಲ.

ಈಗ ಸಂಪಾದಕಿ ನಿರ್ಮಲಮ್ಮ ಫೋನು ಮಾಡಿದ್ದರು. “ಐದು ಗಂಟೆಯೊಳಗೆ ಕಳ್ಸಿ ಯತೀಶ್. ಈ ಸಲ ಮಾಟಗಾರ ಮುಗೀಲೇಬೇಕು ಕಣ್ರೀ. ಮಕ್ಕಳಿಗೂ ಸಾಕಾಗಿದೆ.”

ಮೂರು ಪುಟ ಮುಗಿದಿತ್ತು. ನಾಲ್ಕನೆಯದರಲ್ಲಿ ಚಿಟಿಕೆರಾಯ ಕಂಬಳಿಯನ್ನು ಕೆಳಗೆ ಕೆಡವಿ ಅದರ ಮೇಲೆ ನಿಂತಿದ್ದ. ಮಾಟಗಾರ ಮೊಣಕಾಲೂರಿದ್ದ. ಪೆನ್ಸಿಲ್ ಗೆರೆಯ ಮೇಲೆ ಶಾಯಿ ಹಚ್ಚಲು ಯತೀಶನಿಗೆ ಕೈ ಏಳಲಿಲ್ಲ. ಹೊರಗೆ ಹೋಗಿ ಚಹಾ ಕುಡಿದ. ಒಳಗೆ ಬಂದು ತೊಳೆದಿದ್ದ ಬ್ರಷ್ಷನ್ನೇ ಮತ್ತೆ ತೊಳೆದ. ಕುರಿಗಳ ಜಂತಿನ ಔಷಧಿಗೆಂದು ಅಪ್ಪ ಇವತ್ತೇ ಪೇಟೆಗೆ ಬರುವವನಿದ್ದ. ಅವನು ಇದನ್ನು ನೋಡಿದರೆ?

ಎರಡು ಗಂಟೆಗೆ ಬಂದೇಬಿಟ್ಟ. ಯತೀಶ ಹಾಳೆಯ ಮೇಲೆ ಪೇಪರು ಎಳೆದ. ಔಷಧಿ ಬಾಟಲಿ ಇಡಲು ಜಾಗ ಮಾಡುತ್ತ ಕರಿಯಣ್ಣ ಆ ಪೇಪರನ್ನೇ ಸರಿಸಿದ. ಬಹಳ ಹೊತ್ತು ನೋಡಿದ.

“ಮೂಗು ನಂದೇ ಐತಲ್ಲೋ.”

ಯತೀಶ ಪೇಪರನ್ನು ಮತ್ತೆ ಎಳೆಯಲು ಕೈ ಚಾಚಿದ.

“ಗೊತ್ತೈತೆ ತಗಾ. ನಿಮ್ಮಕ್ಕನ ಮಗಳು ಪವಿತ್ರ ಯಾವತ್ತೋ ತೋರಿಸಿದ್ಲು. ಅಜ್ಜ, ನೀನು ಮಾಟಗಾರ ಅಂತ ನಕ್ಕಿದ್ದೇ ನಕ್ಕಿದ್ದು.” ಅವನ ಬೆರಳು ಕೆಳಗಿಳಿಯಿತು. “ಇದೇನಿದು? ಕಂಬಳಿ ಮ್ಯಾಲೆ ಬೂಟು ಹಾಕ್ಕಂಡು ನಿಂತವ್ನೆ?”

“ಅವ್ನು ಗೆಲ್ಬೇಕಲ್ಲಪ್ಪ. ಬೂಟಿನಾಗೇ ಅವ್ನ ಶಕ್ತಿ.”

“ಗೆಲ್ಲಲಿ, ಬ್ಯಾಡ ಅಂದೋರ್ಯಾರು? ಮೊದ್ಲು ಬೂಟು ಬಿಚ್ಚಿಸು.”

ಯತೀಶ ರಬ್ಬರು ತೆಗೆದುಕೊಂಡ. ಬೂಟು ಅಳಿಸಿದ. ಬರಿಗಾಲಾದರೂ ಕಂಬಳಿ ತುಳಿದದ್ದು ಸರಿಕಾಣದೆ ಜಾದೂಗಾರನನ್ನು ಪಕ್ಕಕ್ಕಿಳಿಸಿದ. ಕೊನೆಗೆ ಚಿಟಿಕೆರಾಯ ಬಾಗಿ ಕಂಬಳಿ ಎತ್ತಿ, ಕೊಡವಿ, ಮಡಚುತ್ತಿದ್ದ. ಎದುರಿಗೆ ಮಾಟಗಾರ ಬರೀ ಮುದುಕನಾಗಿ ನಿಂತಿದ್ದ.

“ಇನ್ಮುಂದೆ ಇವ್ನು ಏನ್ ಮಾಡ್ತಾನೆ?” ಕರಿಯಣ್ಣ ಮುದುಕನ ಮೇಲೆ ಬೆರಳಿಟ್ಟ.

“ಕುರಿ ಕಾಯ್ತಾನೆ.”

“ಕಂಬಳಿ ಇಲ್ದೆನಾ? ಮಳೆಗಾಲ ಬಂತು. ವಾಪಸ್ ಕೊಡಿಸು.”

ಕಂಬಳಿ ಹೆಗಲಿಗೆ ಹೋದರೆ ಮಾಟಗಾರ ಮುಗಿಯುವುದಿಲ್ಲ. ಯತೀಶ ಎದ್ದು ಬಾಗಿಲವರೆಗೆ ಹೋದ, ಬಂದ, ಕೂತ. ಶಾಯಿಯ ಮುಚ್ಚಳ ತೆಗೆದ. ಕೊನೆಯ ಚೌಕದಲ್ಲಿ ಬರಿಗಾಲಿನ ಚಿಟಿಕೆರಾಯ ಮುದುಕನ ಹೆಗಲಿಗೆ ಕಂಬಳಿ ಹೊದಿಸಿದ.

ನಾಲ್ಕೂಮುಕ್ಕಾಲಿಗೆ ಪುಟಗಳ ಫೋಟೋ ಕಳಿಸಿದ. ಐದಾಗುವ ಮೊದಲೇ ಫೋನು ಬಡಿದುಕೊಂಡಿತು. ನಿರ್ಮಲಮ್ಮ. ಯತೀಶ ಅದನ್ನು ನೋಡುತ್ತಲೇ ಇದ್ದ.

“ಎತ್ತೋ,” ಎಂದ ಕರಿಯಣ್ಣ, ಬಾಟಲಿಯನ್ನು ಟವೆಲ್ಲಿಗೆ ಸುತ್ತುತ್ತ. “ಬೈದ್ರೆ ನನ್ ಕೈಗೆ ಕೊಡು.”